ಹಿಮದಲ್ಲಿ ಜಾರದವರ ಗುಲ್ಮಾರ್ಗ್

12 ಜನವರಿ 2025, ಭಾನುವಾರ
ಮಾಟುಂಗಾ, ಮುಂಬಯಿ

ಬೆಳಿಗ್ಗೆ ಡೊಂಬಿವಲಿಯಿಂದ ಅತ್ತಿಗೆ ಬಂದಿದ್ದರು. ಮುಂದಿನ ವಾರ ಅಣ್ಣ, ಮಗ, ಇವರು ಮೂವರೂ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದ್ದಾರೆ. ಅಪ್ಪ ಮಗ ಇಬ್ಬರೂ ಸ್ಕೀಯಿಂಗ್ ಕಲಿಯಲು ಹೆಸರು ಕೊಟ್ಟಾಗಿದೆ. ಅತ್ತಿಗೆಗೆ ಮೊಣಕಾಲು ನೋವು, ಜಾರುವ ಮಾತೇ ಇಲ್ಲ. ದಾದರ್ ಮಾರುಕಟ್ಟೆಯಲ್ಲಿ ಸಂಕ್ರಾಂತಿಗೆ ಎಳ್ಳು, ಕಬ್ಬು ಕೊಳ್ಳುವ ಗದ್ದಲದಲ್ಲೂ ಅವರಿಗೆ ಅದೇ ಚಿಂತೆ. "ಅಲ್ಲ ಮಾರಾಯ್ತಿ, ಅವರಿಬ್ಬರು ಸಂಜೆ ತನಕ ಗುಡ್ಡದ ಮೇಲಿದ್ದರೆ ನಾನು ಆ ಚಳಿಯಲ್ಲಿ ರೂಮು ಕಾಯ್ತಾ ಕೂತಿರಬೇಕಾ? ಅದಕ್ಕಿಂತ ಮನೆಯಲ್ಲೇ ಇರ್ತೇನೆ."

ನನಗೆ ಸುಮ್ಮನಿರಲಾಗಲಿಲ್ಲ. ರಾಮ ನಾಯಕರ ಹೋಟೆಲಿನಲ್ಲಿ ಬಾಳೆಲೆ ಊಟಕ್ಕೆ ಕೂತವಳು ಸಾರು ಅನ್ನದಿಂದ ಮಜ್ಜಿಗೆಯವರೆಗೂ ಗುಲ್ಮಾರ್ಗ್ ಬಗ್ಗೆಯೇ ಹೇಳಿದೆ. ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ, ಅತ್ತಿಗೆಯಂಥವರು ಇನ್ನೂ ಎಷ್ಟೋ ಜನ ಇದ್ದಾರೆ.

ಕಳೆದ ಜನವರಿಯಲ್ಲಿ ನಾವು ಹೋದಾಗ ಗುಲ್ಮಾರ್ಗ್‌ನಲ್ಲಿ ಹಿಮವೇ ಇರಲಿಲ್ಲ. ಚಳಿಗಾಲದಲ್ಲಿ ಪಶ್ಚಿಮದಿಂದ ಬಂದು ಹಿಮ ಸುರಿಸುವ ಮೋಡಗಳು ಆ ವರ್ಷ ಕೈಕೊಟ್ಟು, ತಿಂಗಳ ಕೊನೆಯವರೆಗೂ ಬಯಲು ಒಣಹುಲ್ಲಿನ ಬಣ್ಣದಲ್ಲೇ ಇತ್ತು. ಜಾರಲೆಂದು ಬಂದವರೆಲ್ಲ ಮುಖ ಸಪ್ಪೆ ಮಾಡಿಕೊಂಡು ತಿರುಗುತ್ತಿದ್ದರು. ಜಾರದವರಿಗೂ ಅಲ್ಲಿ ದಿನ ತುಂಬುವಷ್ಟು ಇದೆ ಎಂದು ನನಗೆ ಗೊತ್ತಾದದ್ದು ಆಗಲೇ. ಈ ಸಲ ಡಿಸೆಂಬರ್ ಕೊನೆಗೇ ಚೆನ್ನಾಗಿ ಹಿಮ ಬಿದ್ದಿದೆ, ಅಣ್ಣನಿಗೆ ಆ ಭಯವಿಲ್ಲ.

ಗೊಂಡೋಲಾ, ಅಂದರೆ ಬೆಟ್ಟದ ಮೇಲೆ ಕರೆದೊಯ್ಯುವ ಕೇಬಲ್ ಕಾರು, ಹತ್ತಲು ಸ್ಕೀ ಬರಬೇಕಾಗಿಲ್ಲ. ಮೊದಲ ಹಂತ ಕೊಂಗ್‌ಡೂರಿಯವರೆಗೆ, ಎರಡನೆಯದು ಅಫರ್ವಟ್ ಶಿಖರದ ಹತ್ತಿರಕ್ಕೆ. ಮೇಲಿನ ನಿಲ್ದಾಣ 3,900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ನಾಲ್ಕು ಹೆಜ್ಜೆ ಇಟ್ಟರೂ ಉಸಿರು ಭಾರವಾಗುತ್ತದೆ. ಅತ್ತಿಗೆಗೆ ಕೊಂಗ್‌ಡೂರಿ ಸಾಕು. ಅಲ್ಲಿ ಕೂತು ಬಿಸಿ ಚಹಾ ಕುಡಿಯುತ್ತಾ ಹಿಮದ ಬೆಟ್ಟ ನೋಡಿ ಇಳಿದು ಬರಬಹುದು. ಟಿಕೆಟ್ ಮಾತ್ರ ಈಗಲೇ ಆನ್‌ಲೈನ್‌ನಲ್ಲಿ ತೆಗೆದಿಡಬೇಕು.

ಕೆಳಗೆ ಊರಿನಲ್ಲಿ ಮಾಡಬೇಕಾದ ಮುಖ್ಯ ಕೆಲಸ ಕೂರುವುದು. ಮೂವತ್ತು ವರ್ಷದಿಂದ ಬೆಳಿಗ್ಗೆ ಡಬ್ಬಿ ಕಟ್ಟಿ, ಓಡಿ ಲೋಕಲ್ ಹಿಡಿದ ಹೆಂಗಸಿಗೆ ಅದನ್ನು ಹೇಳಿಕೊಡಬೇಕಾಗುತ್ತದೆ. ಮೈತುಂಬ ಫೆರನ್ ಎಂಬ ಕಾಶ್ಮೀರಿ ನಿಲುವಂಗಿ ಹಾಕಿಕೊಂಡು, ಅದರೊಳಗೆ ಕಾಂಗ್ಡಿ ಹಿಡಿದು ಕೂತರೆ ಚಳಿ ಹತ್ತಿರ ಸುಳಿಯುವುದಿಲ್ಲ. ಕಾಂಗ್ಡಿ ಎಂದರೆ ಬೆತ್ತದಂಥ ಕಡ್ಡಿಗಳಿಂದ ಹೆಣೆದ ಬುಟ್ಟಿ, ಒಳಗೊಂದು ಮಣ್ಣಿನ ಪಾತ್ರೆ, ಪಾತ್ರೆಯಲ್ಲಿ ಕೆಂಡ. ಪಕ್ಕದಲ್ಲಿ ಚಹಾ ಕಾಯಿಸುವ ಪಾತ್ರೆ ಸಮಾವಾರ್‌ನಿಂದ ಬಗ್ಗಿಸಿದ ಕಹ್ವಾ: ಹಸಿರು ಚಹಾ, ಕೇಸರಿ, ಏಲಕ್ಕಿ, ಮೇಲೆ ಬಾದಾಮಿ ಚೂರು. ನೂನ್ ಚಾಯ್ ಬೇರೆ. ಎಲೆಯನ್ನು ಸೋಡಾ ಹಾಕಿ ಬಹಳ ಹೊತ್ತು ಕುದಿಸಿ, ಹಾಲು, ಉಪ್ಪು ಬೆರೆಸುತ್ತಾರೆ, ಬಣ್ಣ ಗುಲಾಬಿಗೆ ತಿರುಗುತ್ತದೆ. "ಚಹಾಕ್ಕೆ ಉಪ್ಪಾ!" ಎಂದರು ಅತ್ತಿಗೆ. ಬಿಸಿ ರೊಟ್ಟಿ ಅದ್ದಿಕೊಂಡು ಕುಡಿದು ನೋಡಿ ಎಂದೆ.

ಗುಡ್ಡದ ಮೇಲಿನ ಮಹಾರಾಣಿ ದೇವಸ್ಥಾನ ತೋರಿಸುವ ಭಾಗ್ಯ ಇಲ್ಲವಾಯಿತು. 1915ರಲ್ಲಿ ಕಟ್ಟಿದ ಕೆಂಪು ಚಾವಣಿಯ ಶಿವಾಲಯ, ಹೋದ ಜೂನ್‌ನಲ್ಲಿ ಬೆಂಕಿಗೆ ಸಿಕ್ಕಿತು. ನಾನು ಅಲ್ಲಿ ಕಳೆದ ಮಧ್ಯಾಹ್ನ ನೆನೆದರೆ ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

ಇನ್ನು ಸಾಮಾನು ಕೊಳ್ಳುವುದು. ಗುಲ್ಮಾರ್ಗ್ ಪೇಟೆ ಚಿಕ್ಕದು. ಟೋಪಿ, ಕೈಗವಸು ಅಲ್ಲೇ ತೆಗೆದುಕೊಳ್ಳಲಿ, ಶಾಲು ಬೇಡ. ಶ್ರೀನಗರದಿಂದ ಹೋಗುವ ದಾರಿಯಲ್ಲಿ ಕಾನಿಹಾಮಾ ಎಂಬ ಊರಿದೆ, ಕಾನಿ ಶಾಲಿನ ಊರು. ಕಾರು ನಿಲ್ಲಿಸಿ ಮಗ್ಗ ನೋಡಲೇಬೇಕು. ಮಗ್ಗದ ಅಂಚಿನಲ್ಲಿ ಹತ್ತಾರು ಪುಟ್ಟ ಮರದ ಕಡ್ಡಿಗಳು ತೂಗುತ್ತಿರುತ್ತವೆ, ಒಂದೊಂದಕ್ಕೂ ಒಂದೊಂದು ಬಣ್ಣದ ನೂಲು. ಎದುರಿಗೆ ತಾಲೀಮ್ ಎಂಬ ಕಾಗದ. ಎಷ್ಟು ಎಳೆ, ಯಾವ ಬಣ್ಣ ಎಂದು ಸಂಕೇತದಲ್ಲಿ ಬರೆದದ್ದನ್ನು ಓದುತ್ತಾ ನೇಯುತ್ತಾರೆ. ನಾನು ನೋಡಿದವರಿಗೆ ಇಳಿವಯಸ್ಸು. ಬೆರಳು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ತಡವರಿಸದೆ ಹೋಗುತ್ತಿತ್ತು, ಆದರೂ ಅಷ್ಟು ಹೊತ್ತಿನಲ್ಲಿ ಹೂವಿನ ಒಂದು ಎಸಳೂ ಮುಗಿಯಲಿಲ್ಲ. ಒಂದು ಶಾಲಿಗೆ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಕ್ಕೂ ಮೀರಿ ಹಿಡಿಯುತ್ತದೆ. ಅಂಥವರ ಹತ್ತಿರ ದಾದರ್ ಫುಟ್‌ಪಾತಿನ ಹಾಗೆ ಅರ್ಧ ಬೆಲೆಗೆ ಕೇಳಬೇಡಿ ಎಂದು ಅತ್ತಿಗೆಯ ಕೈ ಹಿಡಿದು ಹೇಳಿದೆ. ಕೊಳ್ಳಲಾಗದಿದ್ದರೆ ನೋಡಿ, ನಮಸ್ಕಾರ ಹೇಳಿ ಬನ್ನಿ.

ಪಶ್ಮಿನಾ, ಅಂದರೆ ಮೇಕೆಯ ನಯವಾದ ತುಪ್ಪಟದ ಶಾಲು, ಉಂಗುರದಲ್ಲಿ ತೂರುತ್ತದೆ ಎಂದು ಎಳೆದು ತೋರಿಸುತ್ತಾರೆ. ಬೆರಕೆ ನೂಲಿನ ತೆಳು ಶಾಲೂ ತೂರುತ್ತದೆ, ಅದು ಪರೀಕ್ಷೆಯೇ ಅಲ್ಲ. ಜಿಐ, ಅಂದರೆ ಆ ಪ್ರದೇಶದ್ದೇ ಅಸಲಿ ಸರಕು ಎಂಬ ಸರ್ಕಾರಿ ಮಾನ್ಯತೆಯ ಗುರುತಿನ ಚೀಟಿ ಕೇಳಬೇಕು. ಬೆಳಕಿಗೆ ಹಿಡಿದಾಗ ನೇಯ್ಗೆಯಲ್ಲಿ ಸಣ್ಣ ಏರುಪೇರು ಕಂಡರೆ ಒಳ್ಳೆಯದು, ಕೈಯಲ್ಲಿ ನೂತ ನೂಲು ಹಾಗೇ ಇರುತ್ತದೆ. ಯಾರಾದರೂ ಗುಟ್ಟಾಗಿ ಶಾತೂಶ್ ತೋರಿಸಿದರೆ ಎದ್ದು ಬಂದುಬಿಡಬೇಕು. ಚಿರು ಎಂಬ ಕಾಡುಪ್ರಾಣಿಯನ್ನು ಕೊಂದು ತೆಗೆಯುವ ತುಪ್ಪಟ ಅದು, ಮಾರುವುದು ಕೊಳ್ಳುವುದು ಎರಡೂ ಅಪರಾಧ.

ಕೇಸರಿ ಅದನ್ನು ಬೆಳೆಯುವ ಕಾಶ್ಮೀರದ ಊರು ಪಾಂಪೋರ್‌ನದ್ದೇ ಆಗಲಿ, ಅದಕ್ಕೂ 2020ರಲ್ಲಿ ಜಿಐ ಸಿಕ್ಕಿದೆ. ಉಗುರುಬೆಚ್ಚಗಿನ ನೀರಿಗೆ ಎರಡು ಎಸಳು ಹಾಕಿದರೆ ನಿಧಾನವಾಗಿ ಹಳದಿ ಬಿಡಬೇಕು, ಎಸಳು ಕೆಂಪಾಗಿಯೇ ಉಳಿಯಬೇಕು. ಹಾಕಿದ ಕೂಡಲೇ ನೀರು ಕೆಂಪಾದರೆ ಬಣ್ಣ ಹಚ್ಚಿದ್ದು. ಅತ್ತಿಗೆ ಇದೊಂದನ್ನು ಮೊಬೈಲಿನಲ್ಲಿ ಬರೆದುಕೊಂಡರು.

ಸಂಜೆ ಸ್ಟೇಷನ್ನಿನಲ್ಲಿ ಬಿಡುವಾಗ ನೆನಪಾಯಿತು. ಜಮ್ಮು ಕಾಶ್ಮೀರದಲ್ಲಿ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಅತ್ತಿಗೆಯದು ಕಚೇರಿಯ ಪೋಸ್ಟ್‌ಪೇಯ್ಡ್. ಅಣ್ಣನದು, ಮಗನದು ಎರಡೂ ಪ್ರೀಪೇಯ್ಡ್. ನಾಳೆಯೇ ಬದಲಿಸಿಕೊಳ್ಳಲು ಹೇಳಬೇಕು ಎಂದೆ. "ಮಗನದೊಂದು ಬದಲಿಸಿದರೆ ಸಾಕು, ನನಗೆ ಕಾನಿಹಾಮಾಕ್ಕೆ ಹೋಗೋ ಕಾರಿನವರ ನಂಬರ್ ಕಳಿಸು" ಎಂದು ಅತ್ತಿಗೆ ಲೇಡೀಸ್ ಡಬ್ಬಿ ಹತ್ತಿದರು.