ಕೂರೋ ಜಾಗ ಒರೆಸಿದ್ಯೇನೋ?

ಭಾನುವಾರ ಫ್ರೆಂಡ್ ಮನೇಲಿ ಕೇಳಿದ ಒಂದು ಮಾತು ಇನ್ನೂ ತಲೇಲೇ ಸುತ್ತುತಾ ಇದೆ. ಅವನ ಹತ್ರ ಒಂದು ಲೇತ್ ಇದೆ, ಲೋಹದ ಪೀಸನ್ನ ತಿರುಗಿಸಿ ಕೆತ್ತೋ ಮಷೀನು. ಅದರಲ್ಲಿ ಪೀಸ್ ಹಿಡಿಯೋ ಹಳೇ ಮೂರು ಜಾ (ದವಡೆ) ಚಕ್ ಔಟ್ ಹೊಡೀತಿದೆ, ಹಿಡಿದಿದ್ದು ಸೆಂಟರ್ ಬಿಟ್ಟು ತಿರುಗ್ತಿದೆ ಅಂತ ಹೊಸದು ತಂದು ಕೂರಿಸಿದ್ದ. ಗ್ರೈಂಡ್ ಮಾಡಿರೋ ರಾಡ್ ಚಕ್ಕಲ್ಲಿ ಹಿಡಿದು, ಅದಕ್ಕೆ ಡಯಲ್ (ಸಣ್ಣ ಏರುಪೇರನ್ನೂ ಮುಳ್ಳಲ್ಲಿ ತೋರಿಸೋ ಗೇಜು) ತಾಗಿಸಿಟ್ಟು ಕೈಯಲ್ಲಿ ನಿಧಾನಕ್ಕೆ ತಿರುಗಿಸಿದ್ರೆ ಮುಳ್ಳು ಮೊದಲಿನಷ್ಟೇ ಓಡ್ತು. "ಇದೂ ದರಿದ್ರ ಪೀಸೇ" ಅಂದ. ಬಾಗಿಲಲ್ಲಿ ನಿಂತಿದ್ದ ಅವರಪ್ಪ, "ಕೂರೋ ಜಾಗ ಒರೆಸಿದ್ಯೇನೋ?" ಅಂದ್ರು. ಇವನು ತಿರುಗಿ ಕೂಡ ನೋಡ್ದೆ "ಒರೆಸಿದೀನಪ್ಪಾ" ಅಂದ.

ಅವರಪ್ಪ ಲೇತ್ ಕೆಲಸದ ಟರ್ನರ್ ಆಗಿದ್ದು ರಿಟೈರ್ ಆದವ್ರು, ಮಗ ಕರೀದೆ ಈ ರೂಮಿಗೆ ಕಾಲಿಡೋರಲ್ಲ. ಮಗ ಕರೆಯೋನೂ ಅಲ್ಲ ಅನ್ನಿ. ಎಲ್ಲಾ ವಿಡಿಯೋ ನೋಡಿ ಕಲಿತೋನು, ಬೋಲ್ಟ್ ಬಿಗಿ ಮಾಡಿದ್ರೆ ಚಕ್ ತಾನಾಗೇ ಸೆಂಟರ್‌ಗೆ ಬರುತ್ತೆ ಅನ್ನೋದು ಅವನ ನಂಬಿಕೆ. ಬೋಲ್ಟ್‌ಗೆ ಹಿಡಿಯೋದಷ್ಟೇ ಕೆಲಸ. ಸೆಂಟರ್ ಕೊಡೋದು ಬ್ಯಾಕ್‌ಪ್ಲೇಟಿನ (ಹಿಂದೆ ಚಕ್ ಕೂರೋ ತಟ್ಟೆ) ಮೆಟ್ಟಿಲು, ಅದು ಚಕ್ ಹಿಂಭಾಗದ ಗುಂಡಿಗೆ ಸರಿಯಾಗಿ ಕೂರಬೇಕು, ಚಕ್ಕು ನೆಟ್ಟಗಿರಬೇಕಾದ್ರೆ ಪ್ಲೇಟಿನ ಮುಖ ಸಪಾಟಾಗಿರಬೇಕು. ಇವೆರಡರಲ್ಲಿ ಒಂದು ಕೆಟ್ರೂ ಎಷ್ಟು ದುಬಾರಿ ಚಕ್ ಆದ್ರೂ ಅಷ್ಟೇ.

ಆಗ ನಾನು ಡಯಲ್‌ನ ಜಾ ಪಕ್ಕಕ್ಕೇ ತಂದೆ, ಅಲ್ಲಿ ಮುಳ್ಳು 0.10 ಮಿಲಿಮೀಟರ್ ಓಡ್ತು. ಅಲ್ಲಿಂದ 100 ಮಿಲಿಮೀಟರ್ ಆಚೆ ಇಟ್ಟಾಗ 0.25. ದೂರ ಹೋದಷ್ಟೂ ಜಾಸ್ತಿ ಆಗ್ತಿದೆ ಅಂದ್ರೆ ಬರೀ ಪಕ್ಕಕ್ಕೆ ಸರಿದಿರೋದಲ್ಲ, ಓರೆಯಾಗಿದೆ. ರಾಡೇ ಬಗ್ಗಿದೆಯೇನೋ ಅಂತ ಜಾ ಸಡಿಲ ಮಾಡಿ ರಾಡನ್ನ ಅರ್ಧ ಸುತ್ತು ತಿರುಗಿಸಿ ಮತ್ತೆ ಹಿಡಿದ್ವಿ, ಎತ್ತರದ ಜಾಗ ಅದೇ ಜಾ ಕಡೆಗೇ ಉಳೀತು. ರಾಡ್ ಬಗ್ಗಿದ್ದಿದ್ರೆ ಅದೂ ಜೊತೆಗೆ ತಿರುಗ್ತಿತ್ತು, ಹಾಗಾಗಿ ರಾಡ್ ಬಚಾವ್.

ಲೇತಿನ ಬೆಡ್ ಮೇಲೆ ಹಲಗೆ ಇಟ್ಟು ಚಕ್ ಬಿಚ್ಚಿದ್ವಿ. ಪ್ಲೇಟಿನ ಮುಖ ನಿಜಕ್ಕೂ ಫಳಫಳ ಅಂತಿತ್ತು, ಅವನು ಒರೆಸಿದ್ದು ಸುಳ್ಳಲ್ಲ. ಅವರಪ್ಪ ಬಂದು ಕನ್ನಡಕ ಕೂಡ ಹಾಕ್ದೆ ಹೆಬ್ಬೆರಳಿನ ಉಗುರನ್ನ ಮುಖದ ಮೇಲೆ ಸುಮ್ನೆ ಎಳೀತಾ ಹೋದ್ರು, ಒಂದು ಬೋಲ್ಟ್ ತೂತಿನ ಹತ್ರ ಉಗುರು ಟಕ್ ಅಂತ ನಿಂತ್ತು. ಟ್ಯಾಪ್ ಹೊಡೆದ, ಅಂದ್ರೆ ಬೋಲ್ಟ್‌ಗೆ ಎಳೆ ಕೊರೆದ ತೂತಿನ ಬಾಯಿ ಸವರಿರ್ಲಿಲ್ಲ, ಇವನು ಅಲೆನ್ ಕೀಗೆ ಪೈಪ್ ಹಾಕಿ ಬಿಗಿ ಮಾಡ್ದಾಗೆಲ್ಲಾ ಮೊದಲನೇ ಎಳೆ ಮೇಲಕ್ಕೆದ್ದು ತುಟಿ ಥರ ಊದಿದೆ. ಸರಿ ಹೋಗ್ಲಿ ಅಂತ ಇನ್ನೂ ಬಿಗಿ ಮಾಡೋದು, ಅದು ಇನ್ನೂ ಏಳೋದು! ನನಗಂತೂ ನಗು ತಡೆಯೋಕಾಗ್ಲಿಲ್ಲ, ಅವರಪ್ಪ ಮಾತ್ರ ನಗಲಿಲ್ಲ, "ನೋಡು" ಅಂತ ಮಗನ ಬೆರಳು ಹಿಡಿದು ಅದರ ಮೇಲೆ ಇಟ್ರು.

ಆಮೇಲೆ ಕೆಲಸ ಸಲೀಸಾಯ್ತು. ಆ ಎದ್ದಿದ್ದನ್ನ ಎಣ್ಣೆಕಲ್ಲಲ್ಲಿ ಉಜ್ಜಿ, ತೂತುಗಳ ಬಾಯಿ ಸ್ವಲ್ಪ ಅಗಲಿಸಿ, ಪ್ಲೇಟ್ ಸ್ಪಿಂಡಲ್ (ಲೇತಿನ ತಿರುಗೋ ದಂಡ) ಮೇಲಿದ್ದಾಗಲೇ ಮುಖ ಸಪಾಟಾಗೋ ಹಾಗೆ ತೆಳ್ಳಗೆ ಒಂದು ಫೇಸಿಂಗ್ ಕಟ್ ತಗೊಂಡು, ಚಕ್ ಕೂರಿಸಿ ಬೋಲ್ಟ್‌ಗಳನ್ನ ಸರದಿ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ್ವಿ. ಜಾ ಹತ್ರ 0.06, ಆಚೆಗೆ 0.07. ಮೂರು ಜಾ ಚಕ್‌ಗೆ ಇಷ್ಟು ಬಂದ್ರೆ ಸಾಕು, ಇದಕ್ಕಿಂತ ಬೇಕಂದ್ರೆ ನಾಲ್ಕು ಜಾ ಹಾಕಿ ಒಂದೊಂದೇ ಜಾ ಹೊಂದಿಸ್ತಾ ಕೂರಬೇಕು.

ನನ್ನ ತಲೇಲಿರೋದು ಆ "ಒರೆಸಿದೀನಪ್ಪಾ". ಅಪ್ಪ ಕೇಳಿದ್ದು ಜಾಗದ ಬಗ್ಗೆ, ಮಗನಿಗೆ ಕೇಳಿಸಿದ್ದು ತಪ್ಪು ಹಿಡೀತಿದಾರೆ ಅಂತ. ಮನೇಲಿ, ಆಫೀಸಲ್ಲಿ, ಎಲ್ಲಾ ಕಡೆ ಇದೇ ನಡೆಯೋದು, ಗೊತ್ತಿರೋರು ಒಂದು ಸಣ್ಣ ಪ್ರಶ್ನೆ ಕೇಳ್ತಾರೆ, ನಾವು ಆಯ್ತು ಅಂದುಬಿಡ್ತೀವಿ, ಅಲ್ಲಿಗೆ ಮುಗೀತು. ಅವರಪ್ಪನದೂ ಸ್ವಲ್ಪ ತಪ್ಪೇ ಅಂತೀನಿ, ಅಷ್ಟು ಗೊತ್ತಿದ್ದೋರು ಮೊದಲೇ ಒಳಗೆ ಬಂದು ಉಗುರು ಎಳೀಬಹುದಿತ್ತು.

ಹಳೇ ಚಕ್ ಈಗ ಪೇಪರ್ ಸುತ್ಕೊಂಡು ಡಬ್ಬದಲ್ಲಿದೆ. ಸರಿಮಾಡಿದ ಪ್ಲೇಟಿಗೆ ಅದನ್ನೂ ಹಾಕಿ ಡಯಲ್ ಇಟ್ಟು ನೋಡೋಣ ಬಾರೋ ಅಂತ ನಿನ್ನೇನೂ ಅಂದೆ, ಟೈಮಿಲ್ಲ ಅಂತಾನೆ. ಅದು ಚೆನ್ನಾಗೇ ಇತ್ತು ಅಂತ ಗೊತ್ತಾಗೋದು ಅವನಿಗೆ ಬೇಕಿಲ್ಲ.