ಅಜ್ಜ ಯಾವ ಬೋಟ್ ನಡೆಸ್ತಾನ?

ಆಗಸ್ಟ್ ತಿಂಗಳ ಒಂದು ಶುಕ್ರವಾರ ರಾತ್ರಿ. ಮರುದಿನ ಬೆಳಿಗ್ಗೆ ನಾಲ್ಕು ಮನೆಯವರು ಸೇರಿ ಇಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ನ್ಯೂ ರಿವರ್‌ಗೆ ಹೊರಡುವುದಿತ್ತು. ರಾಫ್ಟು, ಟೆಂಟು, ಐಸ್ ಪೆಟ್ಟಿಗೆ ಎಲ್ಲ ಗ್ಯಾರೇಜಿನಲ್ಲಿ ಹರಡಿದ್ದವು. ಊರಿಂದ ಅಪ್ಪನ ವಿಡಿಯೊ ಕಾಲ್ ಬಂತು. ಅಲ್ಲಿ ಶನಿವಾರದ ನಸುಕು. ಅಪ್ಪ ಚಹಾ ಕುಡಿದು ಆಗಲೇ ಕಟ್ಟೆಗೆ ಬಂದು ಕೂತಿದ್ದ. ಮಗಳು ಫೋನ್ ಕಸಿದುಕೊಂಡಳು.

"ಅಜ್ಜಾ, ನಮ್ಮ ಹೊಳಿ ನಾಳೆ ಎರಡೂವರೆ ಸಾವಿರ ಐತಿ. ನಿಮ್ಮದು ಎಷ್ಟೈತಿ?"

ಅವಳು ಕೇಳಿದ್ದು ಕ್ಯುಸೆಕ್ ಲೆಕ್ಕ, ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತದೆ ಎಂಬುದು. ಇಲ್ಲಿ ದೋಣಿಗೆ ಹೋಗುವ ಮಂದಿಯ ಮಕ್ಕಳೆಲ್ಲ ಹೀಗೆಯೇ ಮಾತಾಡುತ್ತಾರೆ. ಅಪ್ಪ ಒಂದು ಕ್ಷಣವೂ ತಡೆಯಲಿಲ್ಲ.

"ಎರಡು ಲಕ್ಷದ ಮ್ಯಾಲ ಬಿಟ್ಟಾರವಾ ಆಲಮಟ್ಟಿಯಿಂದ. ಕೊಯ್ನಾ ಕಡಿ ಮಳಿ ನಿಂತಿಲ್ಲ, ಒಳಹರಿವು ಏರಾಕತ್ತೈತಿ. ಹಿಪ್ಪರಗಿ ಗೇಟೂ ತಗದಾರ."

ಮಗಳ ಕಣ್ಣು ಅಗಲವಾದವು. ಎರಡು ಲಕ್ಷ! ನನ್ನ ಕಡೆ ತಿರುಗಿ ಕೇಳಿದಳು: "ಅಪ್ಪಾ, ಅಜ್ಜ ಯಾವ ಬೋಟ್ ನಡೆಸ್ತಾನ?"

ಅವಳ ಲೆಕ್ಕದಲ್ಲಿ ಅದು ಸರಿಯಾದ ಪ್ರಶ್ನೆ. ಕೇಳಿದ ತಕ್ಷಣ ಹೊಳೆಯ ಹರಿವು ಹೇಳುವವರು, ಮೇಲೆ ಎಲ್ಲಿ ಮಳೆಯಾಗಿದೆ, ಯಾವ ಗೇಟು ತೆರೆದಿದೆ ಎಂದು ತಿಳಿದವರು ಅವಳು ಕಂಡಂತೆ ಒಂದೇ ಜಾತಿಯವರು: ದೋಣಿಯ ಹುಟ್ಟು ಹಾಕುವವರು. ಅಪ್ಪ ನಕ್ಕ. "ನಂದು ಬೋಟ್ ಅಲ್ಲವಾ, ನಂದು ಕಬ್ಬು," ಅಂದ. "ಕಬ್ಬಿನ್ಯಾಗ ಹೊಳಿ ಬರತೈತೇನು ಅಂತ ನೋಡಾಂವ ನಾ."

ಮರುದಿನ ನಾಲ್ಕೈದು ತಾಸಿನ ದಾರಿಯುದ್ದಕ್ಕೂ ಆ ಮಾತು ನನ್ನನ್ನು ಬಿಡಲಿಲ್ಲ.

ನಮ್ಮೂರು ಜಮಖಂಡಿ ತಾಲೂಕಿನ ಕೃಷ್ಣೆಯ ದಂಡೆಯದು. ಅಪ್ಪನಿಗೆ ಅಂಕಿಗಳೆಲ್ಲ ಬಾಯಿಪಾಠ. ಆಲಮಟ್ಟಿ ತುಂಬಿದರೆ 519.60 ಮೀಟರ್, 123 ಟಿಎಂಸಿ. ಕೆಳಗೆ ನಾರಾಯಣಪುರದ ಬಸವಸಾಗರ 492.25. ಪೇಪರ್ ಬಂದ ಕೂಡಲೇ ಮೊದಲು ನೋಡುವುದು ಜಲಾಶಯ ಮಟ್ಟದ ಪಟ್ಟಿ. ಒಳಹರಿವಿಗಿಂತ ಹೊರಹರಿವು ಕಡಿಮೆಯಾದರೆ ಹಿನ್ನೀರು ನಮ್ಮ ಹೊಲದ ಕಡೆ ಏರುತ್ತದೆ ಎಂಬುದನ್ನು ಯಾವ ಎಂಜಿನಿಯರ್ ಬಂದು ಆತನಿಗೆ ಹೇಳಿಕೊಟ್ಟಿಲ್ಲ. 2009ರಲ್ಲಿ ಕಂಡಿದ್ದಾನೆ. 2019ರ ಆಗಸ್ಟಿನಲ್ಲಿ ಆಲಮಟ್ಟಿಯ ಹೊರಹರಿವು ಐದು ಲಕ್ಷ ಕ್ಯುಸೆಕ್ ದಾಟಿದಾಗ ಕಂಡಿದ್ದಾನೆ. ಅದೇ ವಾರ ಅತ್ತ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂದಿತ್ತು. ಈಗ ಅಣೆಕಟ್ಟೆಯ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತಿದೆ. ಆ ದಶಾಂಶದ ಮುಂದಿನ ಮೂರು ಅಂಕಿಯಲ್ಲಿ ನಮ್ಮ ಉಳಿದ ಹೊಲವೂ ಇದೆ. ಅಪ್ಪ ಹೊಳೆಯನ್ನು ಅಷ್ಟು ಚೆನ್ನಾಗಿ ಓದುತ್ತಾನೆ, ಆದರೆ ಅದರೊಳಗೆ ಸಂತೋಷಕ್ಕಾಗಿ ಒಂದು ದಿನವೂ ಇಳಿದವನಲ್ಲ. ಮಗಳ ಪ್ರಶ್ನೆ ನನಗೆ ನೋವಾಗಿದ್ದು ಇಲ್ಲಿ.

ಬೇಸಿಗೆಯ ನ್ಯೂ ರಿವರ್ ಮೇಲ್ಭಾಗ ಮಕ್ಕಳಿಗೆ ಹೇಳಿ ಮಾಡಿಸಿದಂತಿರುತ್ತದೆ. ನೀರು ಬೆಚ್ಚಗೆ, ನಡುನಡುವೆ ನೀರು ರಭಸದಿಂದ ಇಳಿಯುವ ಸಣ್ಣ ರ‍್ಯಾಪಿಡ್‌ಗಳು, ಆಮೇಲೆ ಉದ್ದಕ್ಕೆ ಸುಮ್ಮನೆ ಹರಿಯುವ ಮಡು. ಕೆಳಗಿನ ಕಣಿವೆಯಲ್ಲಿ ಮಾತ್ರ ಅದು ಬೇರೆಯೇ ನದಿ. ಅಲ್ಲಿಗೆ ದೊಡ್ಡವರಷ್ಟೇ ಹೋಗುತ್ತೇವೆ. ನಮ್ಮ ಗುಂಪಿನಲ್ಲಿ ಗೋಕಾಕದ ಗೆಳೆಯ, ಇಳಕಲ್ಲಿನ ಗಂಡಹೆಂಡತಿ, ಮತ್ತು ನಮ್ಮ ಬೀದಿಯ ನಿವೃತ್ತ ಹಿರಿಯರು ಒಬ್ಬರು. ನಮಗೆಲ್ಲ ಹುಟ್ಟು ಹಿಡಿಯುವುದು ಕಲಿಸಿದವರು ಅವರೇ, ರಿಚ್ಮಂಡ್ ಊರ ನಡುವೆ ಬಂಡೆಗಳ ಮೇಲೆ ಹರಿಯುವ ಜೇಮ್ಸ್ ನದಿಯಲ್ಲಿ. ಅಲ್ಲಿ ವೆಸ್ಟ್‌ಹ್ಯಾಮ್ ಎಂಬಲ್ಲಿಯ ನೀರಿನ ಮಟ್ಟದ ಮಾಪಕ ಐದು ಅಡಿ ದಾಟಿದರೆ ಲೈಫ್ ಜಾಕೆಟ್ ಕಡ್ಡಾಯ, ಒಂಬತ್ತು ದಾಟಿದರೆ ಪರವಾನಗಿ ಇಲ್ಲದೆ ಯಾರೂ ಇಳಿಯುವಂತಿಲ್ಲ.

ಹಿರಿಯರು ದೋಣಿಗೆ ಹತ್ತಿಸುವ ಮೊದಲು ಮಕ್ಕಳನ್ನು ಮರಳಿನ ಮೇಲೆ ಅಂಗಾತ ಮಲಗಿಸಿದರು. ಮುಖ ಆಕಾಶಕ್ಕೆ, ಕಾಲು ಹೊಳೆ ಹರಿಯುವ ಕಡೆಗೆ, ಹೆಬ್ಬೆರಳು ಮೇಲೆ ಕಾಣುವ ಹಾಗೆ. ಬಿದ್ದರೆ ಹೀಗೆ ತೇಲಬೇಕು. ಎದುರು ಬರುವ ಬಂಡೆಯನ್ನು ಕಾಲಿಂದ ಒದ್ದು ದಾಟಬೇಕು, ತಲೆಯಿಂದ ಅಲ್ಲ. ಹರಿಯುವ ನೀರಲ್ಲಿ ಎದ್ದು ನಿಲ್ಲಲು ಹೋಗಬಾರದು, ಮೊಳಕಾಲುದ್ದ ಇದ್ದರೂ. ಪಾದ ಎರಡು ಕಲ್ಲಿನ ಸಂದಿಗೆ ಸಿಕ್ಕರೆ ಹಿಂದಿನ ನೀರು ಮೈಯನ್ನು ಮುಂದಕ್ಕೆ ಮಡಚಿ ಕೆಡವುತ್ತದೆ. ಬಿದ್ದ ಮರದ ಟೊಂಗೆ ಕಂಡರೆ ದೂರ ಸರಿಯಬೇಕು; ನೀರು ಅದರೊಳಗಿಂದ ನುಸುಳುತ್ತದೆ, ಮನುಷ್ಯ ನುಸುಳುವುದಿಲ್ಲ. ಬಿದ್ದವರನ್ನು ಎಳೆದುಕೊಳ್ಳಲು ಹಗ್ಗ ತುಂಬಿದ ಚೀಲ ಎಸೆದರೆ ಹಿಡಿಯಬೇಕಾದ್ದು ಚೀಲವನ್ನಲ್ಲ, ಹಗ್ಗವನ್ನು. ಹಿಡಿದು ಹೆಗಲ ಮೇಲೆ ಹಾಕಿಕೊಂಡು ಬೆನ್ನ ಮೇಲೆ ತೇಲಬೇಕು. ಇಷ್ಟನ್ನೂ ಎಲ್ಲ ಮಕ್ಕಳಿಂದ ಮಾಡಿಸಿ, ತಪ್ಪಿದವರಿಂದ ಮತ್ತೆ ಮಾಡಿಸಿ, ಆಮೇಲೆಯೇ ರಾಫ್ಟನ್ನು ನೀರಿಗೆ ನೂಕಿದರು.

ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಅಪ್ಪ ಮೇಲಿಂದ ನೂಕುತ್ತಿದ್ದ. ಬುರುಡೆ ಇಲ್ಲದವರಿಗೆ ಎಣ್ಣೆ ಡಬ್ಬಿ. ನಮ್ಮ ಕಡೆಯ ಹುಡುಗರಿಗೆ ಗುಂಡಿಗೆ ಎಂದೂ ಕಡಿಮೆ ಇಲ್ಲ, ಹತ್ತು ಮೆಟ್ಟಿಲ ಮೇಲಿಂದ ಪಲ್ಟಿ ಹೊಡೆಯುತ್ತಾರೆ. ಆದರೆ ಬಾವಿಯ ನೀರು ನಿಂತದ್ದು. ಹರಿಯುವ ನೀರು ಹೇಗೆ ಎಳೆಯುತ್ತದೆ, ಎಲ್ಲಿ ತಿರುಗುತ್ತದೆ, ಬಂಡೆಯ ಹಿಂದೆ ಯಾಕೆ ಶಾಂತವಾಗಿರುತ್ತದೆ ಎಂಬುದನ್ನು ನಮಗೆ ಯಾರೂ ಕಲಿಸಲಿಲ್ಲ. "ಹೊಳಿ ಕಡಿ ಹ್ವಾದ್ರ ಕಾಲ ಮುರಿತೀನಿ" ಅನ್ನುವುದೊಂದೇ ಪಾಠ. ಅವ್ವಂದಿರ ಆ ಮಾತಿನಲ್ಲಿ ಎಷ್ಟು ಮಕ್ಕಳನ್ನು ಕಳಕೊಂಡ ಊರಿನ ಸಂಕಟವಿತ್ತು ಎಂಬುದು ನನಗೆ ಗೊತ್ತು. ಬೈದರೂ ಹುಡುಗರು ಹೋಗುವುದು ಹೋಗಿಯೇ ಹೋಗುತ್ತಾರೆ ಎಂಬುದೂ ಗೊತ್ತು.

ಸಂಜೆ ದಂಡೆಯ ಮೇಲೆ ಟೆಂಟು ಹಾಕಿದೆವು. ರೊಟ್ಟಿ ಮನೆಯಿಂದ ತಂದದ್ದು, ಜೊತೆಗೆ ಶೇಂಗಾ ಚಟ್ನಿ. ಬೂದಿಯೂ ನೆಲಕ್ಕೆ ಬೀಳದ ಹಾಗೆ ಕಬ್ಬಿಣದ ತಟ್ಟೆಯಲ್ಲಿ ಬೆಂಕಿ. ಮಲಗುವ ಮುಂಚೆ ಹಿರಿಯರು ನೀರಿನ ಅಂಚಿಗೆ ಒಂದು ಕಡ್ಡಿ ಊರಿದರು. ಮೇಲೆ ಹಿಂಟನ್ ಊರಲ್ಲಿ ಬ್ಲೂಸ್ಟೋನ್ ಅಣೆಕಟ್ಟೆ ಇದೆ, ರಾತ್ರಿ ಮಟ್ಟ ಏರಿದರೆ ಕಡ್ಡಿಯಿಂದ ತಿಳಿಯುತ್ತದೆ. ನನಗೆ ಮೈ ಜುಮ್ಮೆಂದಿತು. ಹೊಳೆ ಬಂದಾಗ ಅಪ್ಪ ಮಾಡುತ್ತಿದ್ದದ್ದು ಇದನ್ನೇ. ಕಂದೀಲು ಹಿಡಿದು ಹೋಗಿ ನೀರಂಚಿಗೆ ಜೋಳದ ದಂಟು ಚುಚ್ಚಿ ಬರುತ್ತಿದ್ದ, ಎರಡು ತಾಸಿಗೊಮ್ಮೆ ಎದ್ದು ನೋಡುತ್ತಿದ್ದ. ದಂಟು ಮುಳುಗಿತೆಂದರೆ ಎಮ್ಮೆ ಬಿಚ್ಚು, ಕಾಳಿನ ಚೀಲ ಹೊರು, ಅಜ್ಜಿಯನ್ನು ಎಬ್ಬಿಸು.

ಬೆಂಕಿಯ ಸುತ್ತ ಕೂತಾಗ ಹಿರಿಯರು ಪಕ್ಕದ ಗಾಲಿ ನದಿಯ ಸಂಗತಿ ಹೇಳಿದರು. ಸಮ್ಮರ್ಸ್‌ವಿಲ್ ಅಣೆಕಟ್ಟೆಯಿಂದ ಪ್ರತಿ ಶರತ್ಕಾಲದಲ್ಲಿ ದೋಣಿಯವರಿಗಾಗಿಯೇ ನೀರು ಬಿಡುತ್ತಾರೆ. ಇಂಥ ದಿನ, ಇಷ್ಟು ಕ್ಯುಸೆಕ್ ಎಂದು ಮೊದಲೇ ಪ್ರಕಟಿಸುತ್ತಾರೆ. 1986ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಆ ಅಣೆಕಟ್ಟೆಯ ಉದ್ದೇಶಗಳಲ್ಲಿ ಇದನ್ನೂ ಸೇರಿಸಿತು. ಗೋಕಾಕದ ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಘಟಪ್ರಭಾ 170 ಅಡಿ ಮ್ಯಾಲಿಂದ ಧುಮುಕತೈತಿ. 1887ರಾಗ ಅದರಿಂದ ಕರೆಂಟ್ ತಗದಾರ, ಗಿರಣಿ ನಡಿಸ್ಯಾರ. ನಾವು ಮಾತ್ರ ತೂಗುಸೇತುವೆ ಮ್ಯಾಲ ನಿಂತು ನೋಡಿದ್ದಷ್ಟ," ಅಂದ.

ಆಲಮಟ್ಟಿಯಿಂದ ದೋಣಿಗಾಗಿ ನೀರು ಬಿಡಿ ಎಂದು ನಾನು ಕೇಳುವುದಿಲ್ಲ. ವಿಜಯಪುರದ ಬರದ ಹೊಲಗಳಿಗೆ ಆ ನೀರು ಹೇಗೆ ಮುಟ್ಟಿತೆಂದು ಬಲ್ಲವನು ಹಾಗೆ ಕೇಳಲಾರ. ಸಾಹಸಕ್ಕೆ ಬೆಳಗಾವಿ ಕಡೆಯವರು ಗಣೇಶಗುಡಿಗೆ ಹೋಗುತ್ತಾರೆ. ಅಲ್ಲಿ ಸೂಪಾ ಅಣೆಕಟ್ಟೆ ನೀರು ಬಿಟ್ಟರೆ ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಯುತ್ತದೆ. ನನ್ನ ತಕರಾರು ಬೇರೆ. ಅಂಕಿ ನಮ್ಮಲ್ಲೂ ಇದೆ, ದಿನಾ ಪೇಪರಿನಲ್ಲಿ ಅಚ್ಚಾಗುತ್ತದೆ. ಆದರೆ ಬಟ್ಟೆ ಒಗೆಯುವ ಘಟ್ಟದಲ್ಲಿ, ದನ ಮೈತೊಳೆಯುವ ಕಡೆ, ಹುಡುಗರು ಜಿಗಿಯುವ ಕಡೆ, ಇಷ್ಟು ಮಟ್ಟ ಇದ್ದರೆ ಇಳಿಯಬೇಡಿ ಎಂಬ ಒಂದು ಬಣ್ಣದ ಗೆರೆ ನಮ್ಮೂರಲ್ಲಿ ಇಲ್ಲ. ಇದಕ್ಕೆ ಕೋಟಿಗಟ್ಟಲೆ ರೊಕ್ಕ ಬೇಡ.

ಬ್ಯಾರೇಜಿನ ಮಾತಂತೂ ಹೇಳಲೇಬೇಕು. ರಿಚ್ಮಂಡಿನಲ್ಲಿ ಬೋಶರ್ ಡ್ಯಾಮ್ ಎಂಬ ಗಿಡ್ಡ ಒಡ್ಡು ಇದೆ. ಎಷ್ಟೇ ನುರಿತವರಾಗಲಿ ಅದರ ಮೇಲ್ಗಡೆಯೇ ಇಳಿದು ದೋಣಿ ಹೊತ್ತು ದಾಟುತ್ತಾರೆ. ಒಡ್ಡಿನ ಮೇಲಿಂದ ಬಿದ್ದ ನೀರು ತಳ ಮುಟ್ಟಿ, ಮೇಲೆದ್ದು, ಮತ್ತೆ ಗೋಡೆಯ ಕಡೆಗೇ ಉರುಳುತ್ತದೆ. ನೋಡಲು ಸಣ್ಣದು, ಸಿಕ್ಕವರನ್ನು ಬಿಡುವುದಿಲ್ಲ, ಜಾಕೆಟ್ ಇದ್ದರೂ. ನಮ್ಮ ಕೃಷ್ಣೆ, ಘಟಪ್ರಭೆಯ ಮೇಲೆ ಅಂಥ ಒಡ್ಡುಗಳಿಗೆ ಬರವಿಲ್ಲ. ಅವು ನಮ್ಮ ಹೆಮ್ಮೆಯೂ ಹೌದು. ಚಿಕ್ಕಪಡಸಲಗಿಯ ಬ್ಯಾರೇಜನ್ನು 1989ರಲ್ಲಿ ಕಟ್ಟಿದವರು ರೈತರೇ. ಮುಂದೆ ಸಂಸದರಾದ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಪಟ್ಟಿ ಎತ್ತಿ, ತಾವೇ ಬುಟ್ಟಿ ಹೊತ್ತರು. ಅದಕ್ಕೇ ಅದು ಶ್ರಮಬಿಂದು ಸಾಗರ. ಅಪ್ಪನೂ ಹೋಗಿದ್ದ. ಅಂಗೈ ಬೊಬ್ಬೆಗೆ ಅವ್ವ ಅರಿಷಿಣ ಹಚ್ಚುತ್ತಿದ್ದದ್ದು ನನ್ನ ಕಣ್ಣಲ್ಲಿದೆ. ಇದನ್ನು ಹೇಳಿದಾಗ ಹಿರಿಯರು ಮತ್ತೆ ಮತ್ತೆ ಕೇಳಿದರು, ಸರಕಾರ ಅಲ್ಲವೇ, ರೈತರೇ ಕಟ್ಟಿದರೇ ಎಂದು. ನನ್ನ ಎದೆ ತುಂಬಿತು. ಅಂಥ ಒಡ್ಡು ಕಟ್ಟಿದ ಮಂದಿಗೆ ಅದರ ಕೆಳಗಿನ ಸುಳಿಯ ಬಗ್ಗೆ ಮಕ್ಕಳಿಗೆ ಹೇಳಿಕೊಡುವುದು ದೊಡ್ಡ ಕೆಲಸವಲ್ಲ.

ಕೃಷ್ಣೆ, ಮಲಪ್ರಭೆ ಕೂಡುವ ಸಂಗಮದ ಹೆಸರನ್ನೇ ಬಸವಣ್ಣ ತಮ್ಮ ವಚನಗಳ ಅಂಕಿತ ಮಾಡಿಕೊಂಡರು. ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯ ಶರಣರ ನಡುವೆ ತಲೆ ಎತ್ತಿ ಮಾತಾಡಿದರು. ಮಗಳಿಗೆ ಆ ರಾತ್ರಿ ಟೆಂಟಿನಲ್ಲಿ ಚೌಡಯ್ಯನವರ ಕಥೆ ಹೇಳಿದೆ. ನಮ್ಮ ಕಡೆ ಬೋಟ್ ನಡೆಸುವವರು ಎಂಥವರಿದ್ದರೆಂದು ಅವಳಿಗೆ ತಿಳಿಯಬೇಕಿತ್ತು.

ಡಿಸೆಂಬರಿಗೆ ಊರಿಗೆ ಹೊರಟಿದ್ದೇವೆ. ಮಕ್ಕಳ ಜಾಕೆಟ್, ಹಗ್ಗದ ಚೀಲ ಒಂದು ಸೂಟ್‌ಕೇಸ್ ತುಂಬ ಒಯ್ಯಬೇಕೆಂದಿದ್ದೇನೆ. ನಮ್ಮೂರ ಸಾಲಿಯ ಹುಡುಗ ಹುಡುಗಿಯರಿಗೆ ಕಾಲು ಮುಂದೆ ಮಾಡಿ ತೇಲುವುದು, ಹಗ್ಗ ಎಸೆಯುವುದು, ಹಿಡಿಯುವುದು, ಇಷ್ಟು ಕಲಿಸಿದರೆ ಸಾಕು. ಅಪ್ಪ ಮೊದಲು ಒಪ್ಪಲಿಲ್ಲ. "ಹೊಳ್ಯಾಗ ಮೊಸಳಿ ಅದಾವು, ಮಂದಿ ಮಕ್ಕಳನ್ನ ಇಳಸ್ತೀಯೇನು?" ಅಂದ. ಆತನ ಮಾತು ಖರೆ, ನಮ್ಮ ದಂಡೆಯಲ್ಲಿ ಮೊಸಳೆ ಕಾಣುತ್ತವೆ. ಎರಡು ದಿನ ಬಿಟ್ಟು ತಾನೇ ಹಾದಿ ಹುಡುಕಿದ. ಹೊಳೆ ಬೇಡ, ತೋಟದ ಬಾವಿಯ ಹೂಳು ತೆಗೆಸುತ್ತಾನಂತೆ, ಮೆಟ್ಟಿಲು ಸರಿ ಮಾಡಿಸುತ್ತಾನಂತೆ. ಹರಿಯುವ ನೀರಿನ ಅಭ್ಯಾಸಕ್ಕೆ ಕಾಲುವೆ ಹೇಗೆ ಎಂದು ಕೇಳಿದ. ಅದು ಬೇಡವೇ ಬೇಡ, ಕಾಂಕ್ರೀಟಿನ ಜಾರು ಗೋಡೆ ಹತ್ತಿ ಬರಲಾಗದು ಎಂದೆ. ಹಾಗಾದರೆ ಬಾವಿಯೇ ಇರಲಿ ಅಂದ. ಹೆಡ್ ಮಾಸ್ತರರ ಹತ್ತಿರ ಮಾತಾಡಿ ಬಂದಿದ್ದಾನೆ. ಈಗ ದಿನಾ ಕೇಳುವುದು ಜಾಕೆಟ್ಟಿನ ಅಳತೆ: ಆರನೇತ್ತೆಯವರಿಗೆ ಒಂದು, ಏಳನೇತ್ತೆಯವರಿಗೆ ಒಂದು, ದಪ್ಪ ಹುಡುಗರಿಗೆ ಬೇರೆ ಬೇಕೇನು ಎಂದು.