ಇವತ್ತಿನ ಪದ: ಹಿಡಿ

22 ಜುಲೈ 2025, ಮಂಗಳವಾರ

ಪುಷ್ಯ ಮಳೆ ಬೆಳಗಿನಿಂದ ಬಿಟ್ಟೇ ಇಲ್ಲ. ನಮ್ಮ ಮಲೆನಾಡಿನ ಕೊಪ್ಪದ ಕಡೆ ಆಷಾಢದಲ್ಲಿ ಪಾಠ ಮಾಡಬೇಕೆಂದರೆ ಹೆಂಚಿನ ಸದ್ದಿಗಿಂತ ಜೋರಾಗಿ ಮಾತಾಡಬೇಕು.

ಮೂರನೇ ತರಗತಿಗೆ ಇವತ್ತು ‘ಹಿಡಿ’. ಮೊದಲೆಲ್ಲ ಬೋರ್ಡಿನ ಮೇಲೆ ಪದ, ಪಕ್ಕದಲ್ಲಿ ಅರ್ಥ ಬರೆದುಬಿಡುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು, ವಾರದಲ್ಲಿ ಮರೆಯುತ್ತಿದ್ದರು. ಈಗ ಅರ್ಥ ಹೇಳುವುದೇ ಇಲ್ಲ. ವಾಕ್ಯ ಹೇಳುತ್ತೇನೆ, ವಾಕ್ಯ ಕೇಳುತ್ತೇನೆ.

ಹುಣಸೆ ಬೀಜದ ಡಬ್ಬ ಮುಂದಿಟ್ಟು, ‘ಎಲ್ರೂ ಒಂದೊಂದು ಹಿಡಿ ತಗೊಳ್ಳಿ’ ಎಂದೆ. ಎಣಿಸಿದರೆ ಒಬ್ಬನ ಕೈಯಲ್ಲಿ 19, ಒಬ್ಬಳ ಕೈಯಲ್ಲಿ 14, ನನ್ನ ಕೈಯಲ್ಲಿ 31. ‘ಹಾಗಾದ್ರೆ ಒಂದು ಹಿಡಿ ಅಂದ್ರೆ ಎಷ್ಟು?’ ಒಬ್ಬ ಮುಷ್ಟಿ ಬಿಚ್ಚಿ, ಮುಚ್ಚಿ, ನೋಡಿಕೊಂಡು ಹೇಳಿದ: ‘ಕೈ ಹಿಡಿಯೋವಷ್ಟು, ಟೀಚರ್.’ ನಾನು ಬರೆಸಿದ್ದರೆ ಇಷ್ಟು ಚೆಂದ ಬರುತ್ತಿರಲಿಲ್ಲ.

ಆಮೇಲೆ ವಾಕ್ಯಗಳು ಸಾಲಾಗಿ ಬಂದವು. ಗದ್ದೇಲಿ ಹತ್ತುಮೀನು (ಮಳೆನೀರಿಗೆ ಎದುರಾಗಿ ಹತ್ತಿ ಬರುವ ಮೀನು) ಹಿಡಿದೆವು. ಕತ್ತಿಯ ಹಿಡಿ ಮುರಿದಿದೆ. ತಮ್ಮ ಹಠ ಹಿಡಿದಿದ್ದಾನೆ. ‘ಉಂಬಳ (ಜಿಗಣೆ) ಹಿಡಿಯಿತು’ ಎಂದಾಗ ಮಾತ್ರ ಗಲಾಟೆ. ‘ಉಂಬಳ ಹತ್ತೋದು ಕಣೋ, ಹಿಡಿಯೋದಲ್ಲ!’ ಯಾವ ಪದ ಯಾವುದರ ಜೊತೆ ಕೂರುತ್ತದೆ ಅಂತ ಈ ಕಿವಿಗಳಿಗೆ ಎಷ್ಟು ಚೆನ್ನಾಗಿ ಗೊತ್ತು ನೋಡಿ.

‘ನಮ್ಮ ತೋಟಕ್ಕೆ ಕೊಳೆ ಹಿಡಿದಿದೆ’ ಎಂದಳು ಒಬ್ಬಳು. ಅಡಿಕೆ ಮನೆಯ ಮಕ್ಕಳೆಲ್ಲ ಸುಮ್ಮನಾದರು. ಮಳೆ ಬಿಡುವು ಕೊಡದಿದ್ದರೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಆಗುವುದಿಲ್ಲ, ಎಳೆ ಕಾಯಿ ಉದುರುತ್ತದೆ. ಎಂಟು ವರ್ಷದವರಿಗೂ ಅದು ಗೊತ್ತು.

ಕಿಟಕಿ ಪಕ್ಕ ಕೂರುವ ಹುಡುಗಿ ಜೂನ್‌ನಲ್ಲಿ ಸೇರಿದವಳು. ಅಪ್ಪ ಅಮ್ಮನಿಗೆ ಕಾಫಿ ಎಸ್ಟೇಟಿನಲ್ಲಿ ಕೆಲಸ, ಮನೆಮಾತು ತಮಿಳು. ಇಲ್ಲಿವರೆಗೆ ‘ಹಾಜರ್ ಟೀಚರ್’ ಬಿಟ್ಟು ಬೇರೆ ಮಾತಾಡಿದವಳಲ್ಲ. ಅವಳು ಮೆಲ್ಲಗೆ, ‘ನಮ್ಮನೇಲಿ ಪಿಡಿ’ ಎಂದಳು. ಒಂದಿಬ್ಬರು ನಕ್ಕರು. ನಾನು ತಕ್ಷಣ ಬೋರ್ಡಿನಲ್ಲಿ ಹಿಡಿ ಪಕ್ಕ ಪಿಡಿ ಬರೆದೆ. ‘ಹುಲಿಗೆ?’ ‘ಪುಲಿ.’ ‘ಹಾಲಿಗೆ?’ ‘ಪಾಲ್.’ ‘ಹೂವಿಗೆ?’ ‘ಪೂ.’ ಪಂಪನ ಕಾಲದಲ್ಲಿ, ಅಂದರೆ 10ನೇ ಶತಮಾನದಲ್ಲಿ, ಕನ್ನಡದಲ್ಲೂ ಹೀಗೇ ಇತ್ತು, ಆಮೇಲೆ ನಮ್ಮ ‘ಪ’ ‘ಹ’ ಆಯಿತು ಎಂದೆ. ನಕ್ಕವರೇ ತಿರುಗಿ ಕೂತು ಅವಳಿಗೆ ಪದ ಕೇಳತೊಡಗಿದರು. ಹಲ್ಲಿಗೆ? ಹತ್ತಕ್ಕೆ? ಪಲ್ಲು, ಪತ್ತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಸಂಜೆ ಮಕ್ಕಳು ವಾಕ್ಯ ಬರೆದ ಪಟ್ಟಿ (ನೋಟ್‌ಬುಕ್) ನೋಡಿದೆ. ಅವಳದ್ದು ಎರಡೇ ಸಾಲು. ‘ಮಳೆ ಹಿಡಿದಿದೆ. ಅಮ್ಮ ಕೊಡೆ ಹಿಡಿದು ಬರುತ್ತಾಳೆ.’ ಎರಡರಲ್ಲೂ ಒಂದೂ ತಪ್ಪಿಲ್ಲ.